ಸಂಸ್ಕೃತಿ ಮತ್ತು ಮನೋವಿಜ್ಞಾನ

ಮನೋವಿಜ್ಞಾನಿ ಕೇಳುವ ಪ್ರಶ್ನೆ, ಹಿಡಿಯುವ ಅಳತೆಗೋಲು, ಸಹಜಕ್ಕೂ ಅಸಹಜಕ್ಕೂ ನಡುವೆ ಎಳೆಯುವ ಗೆರೆ, ಇವೆಲ್ಲ ಅವನು ಹುಟ್ಟಿ ಬೆಳೆದ ಸಮಾಜದ ನಡೆನುಡಿಯಿಂದ ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ವಿವೇಚಿಸುವ ಅಧ್ಯಯನ ಕ್ಷೇತ್ರ. ಇದರಲ್ಲಿ ಎರಡು ವಿಚಾರಗಳು ಹೆಣೆದುಕೊಂಡಿವೆ. ಜನರ ಗ್ರಹಿಕೆ, ಓದು, ನೋವು, ನ್ಯಾಯಪ್ರಜ್ಞೆಗಳು ನಾಡಿನಿಂದ ನಾಡಿಗೆ ಎಷ್ಟು ಬೇರೆಯಾಗುತ್ತವೆ ಎಂಬುದು ಒಂದು. ಆ ವ್ಯತ್ಯಾಸವನ್ನು ಅಳೆಯಲು ಬಂದವನ ಕಣ್ಣಿಗೂ ಒಂದು ಊರಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಶಾಸ್ತ್ರ ಬೇಗ ಒಪ್ಪಿತು. ಎರಡನೆಯದಕ್ಕೆ ಸುಮಾರು ನೂರು ವರ್ಷ ಬೇಕಾಯಿತು. ಧಾರವಾಡ, ಮೈಸೂರು, ಕೋಟ, ಬೆಂಗಳೂರು, ಬಳ್ಳಾರಿಗಳಲ್ಲಿ ನಡೆದ ಕೆಲಸದಿಂದ ಈ ಚರ್ಚೆಗೆ ಗಟ್ಟಿಯಾದ ನಿದರ್ಶನಗಳು ದೊರೆತಿವೆ.

ಹಿನ್ನೆಲೆ

ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಶಾಲೆ ತೆರೆದದ್ದನ್ನು ಆಧುನಿಕ ಮನೋವಿಜ್ಞಾನದ ಆರಂಭವೆಂದು ಎಣಿಸುವುದು ರೂಢಿ. ಅದೇ ವುಂಟ್ ಭಾಷೆ, ಪುರಾಣ, ಆಚಾರಗಳ ಮೂಲಕ ಜನಸಮುದಾಯಗಳ ಮನಸ್ಸನ್ನು ಅರಿಯಬೇಕೆಂದು 1900ರಿಂದ 1920ರವರೆಗೆ ಹತ್ತು ಸಂಪುಟಗಳನ್ನು ಬರೆದ. ಪ್ರಯೋಗಶಾಲೆ ಜಗತ್ತನ್ನೆಲ್ಲ ಸುತ್ತಿತು, ಸಂಪುಟಗಳು ಕಪಾಟಿನಲ್ಲೇ ಉಳಿದವು.

ಇಂಗ್ಲೆಂಡಿನ ಡಬ್ಲ್ಯು. ಎಚ್. ಆರ್. ರಿವರ್ಸ್ 1898ರಲ್ಲಿ ಟಾರಸ್ ಜಲಸಂಧಿಯ ದ್ವೀಪವಾಸಿಗಳಲ್ಲಿ, 1901-02ರಲ್ಲಿ ನಮ್ಮ ಗಡಿಗೆ ಅಂಟಿಕೊಂಡ ನೀಲಗಿರಿಯ ತೊದವರಲ್ಲಿ ದೃಷ್ಟಿಭ್ರಮೆಯ ಪರೀಕ್ಷೆಗಳನ್ನು ನಡೆಸಿದ. ಬಾಣದ ತುದಿಗಳನ್ನು ಹಚ್ಚಿದ ಎರಡು ಸಮಾನ ಗೆರೆಗಳಲ್ಲಿ ಒಂದು ಉದ್ದವಾಗಿ ಕಾಣುವ ಮ್ಯೂಲರ್-ಲಯರ್ ಚಿತ್ರಕ್ಕೆ ಈ ಎರಡೂ ಸಮುದಾಯದವರು ಇಂಗ್ಲಿಷರಿಗಿಂತ ಕಡಿಮೆ ಮೋಸಹೋದರು. ಇನ್ನೊಂದು ಬಗೆಯ ಚಿತ್ರಕ್ಕೆ, ಅಂದರೆ ಅಡ್ಡಗೆರೆಯ ಮೇಲೆ ನಿಂತ ಲಂಬಗೆರೆ ಉದ್ದವೆನಿಸುವುದಕ್ಕೆ, ಹೆಚ್ಚು ಮೋಸಹೋದರು. ‘ಅನಾಗರಿಕರ’ ಬುದ್ಧಿ ಎಲ್ಲದರಲ್ಲೂ ಹಿಂದೆ ಎಂಬ ಅಂದಿನ ನಂಬಿಕೆಗೆ ಈ ಫಲಿತಾಂಶ ಒಗ್ಗುವಂಥದ್ದಾಗಿರಲಿಲ್ಲ. 1966ರಲ್ಲಿ ಸೀಗಲ್, ಕ್ಯಾಂಪ್‌ಬೆಲ್, ಹರ್ಸ್ಕೊವಿಟ್ಸ್ ಇದಕ್ಕೊಂದು ವಿವರಣೆ ಕೊಟ್ಟರು: ಚೌಕ ಕೋಣೆ, ನೇರ ಗೋಡೆ, ಮೂಲೆಗಳ ನಡುವೆ ಬೆಳೆದ ಕಣ್ಣು ಗೆರೆಗಳನ್ನು ಓದುವ ರೀತಿಯೇ ಬೇರೆ.

ಇಷ್ಟಾದರೂ ಮುಖ್ಯವಾಹಿನಿ ಕದಲಲಿಲ್ಲ. ಅಮೆರಿಕದ ಪ್ರಮುಖ ಆರು ಮನೋವಿಜ್ಞಾನ ಪತ್ರಿಕೆಗಳಲ್ಲಿ 2003ರಿಂದ 2007ರವರೆಗೆ ಬಂದ ಸಂಶೋಧನೆಗಳನ್ನು ಜೆಫ್ರಿ ಆರ್ನೆಟ್ ಪರಿಶೀಲಿಸಿದಾಗ, ಪರೀಕ್ಷೆಗೆ ಒಳಗಾದವರಲ್ಲಿ ಶೇ. 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು ಎಂದು ತಿಳಿದುಬಂತು. ಆ ದೇಶಗಳಲ್ಲಿ ಇರುವುದು ಜಗತ್ತಿನ ಶೇ. 12ರಷ್ಟು ಜನ. ಹೆನ್ರಿಚ್, ಹೈನ್, ನೊರೆಂಜಯಾನ್ 2010ರಲ್ಲಿ ಬರೆದ ಲೇಖನ ಇದನ್ನೇ ಮುಂದಿಟ್ಟುಕೊಂಡು, ಮನುಷ್ಯಕುಲದ ಅತ್ಯಂತ ವಿಚಿತ್ರ ಮಾದರಿಯನ್ನೇ ಮನುಷ್ಯಕುಲವೆಂದು ತಿಳಿದಿದ್ದೇವೆ ಎಂದು ವಾದಿಸಿತು.

ಸಂಗನಕಲ್ಲು: ಪ್ರಶ್ನೆ ಕೇಳಲಾಗದವರ ಮನಸ್ಸು

ಅಧ್ಯಯನ ಮಾಡುವವನಿಗೂ ಅಧ್ಯಯನಕ್ಕೆ ಒಳಗಾದವನಿಗೂ ನಡುವಿನ ದೂರ ಅತಿ ಹೆಚ್ಚಾಗುವುದು ಪ್ರಾಗಿತಿಹಾಸದಲ್ಲಿ. ಬಳ್ಳಾರಿ ನಗರದ ಮಗ್ಗುಲಲ್ಲಿರುವ ಸಂಗನಕಲ್ಲು, ಕಪ್ಪಗಲ್ಲು ಗ್ರಾಮಗಳ ಗುಡ್ಡಗಳು ದಕ್ಷಿಣ ಭಾರತದ ನವಶಿಲಾಯುಗದ ದೊಡ್ಡ ನೆಲೆ. ಹಿರೇಗುಡ್ಡ, ಸಣ್ಣರಾಚಮ್ಮ ಗುಡ್ಡಗಳ ಮೇಲೆ ದನ ಸಾಕಿ, ಹುರುಳಿ, ಹೆಸರು, ಕಿರುಧಾನ್ಯ ಬೆಳೆದು, ಕಪ್ಪು ಡಾಲರೈಟ್ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದ ಜನ ಬಂಡೆಗಳ ಮೇಲೆ ಗೂಳಿಗಳನ್ನೂ ಮನುಷ್ಯರನ್ನೂ ಕುಟ್ಟಿ ಮೂಡಿಸಿದ್ದಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಇಲ್ಲಿ ಓಡಾಡಿದ. ಎಫ್. ಫಾಸೆಟ್ 1892ರಲ್ಲಿ ಈ ಚಿತ್ರಗಳ ಬಗ್ಗೆ ಬರೆದ. ಬಿ. ಸುಬ್ಬರಾವ್ ಅವರ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಕುರಿತ ಗ್ರಂಥ 1948ರದು.

ಈ ಸೀಮೆಯ ಬೂದಿದಿಬ್ಬಗಳನ್ನೇ ನೋಡಿ. ಊರವರು ಅವನ್ನು ರಾಕ್ಷಸರನ್ನು ಸುಟ್ಟ ಬೂದಿ ಎಂದರು. ಫೂಟ್ ಅವನ್ನು ಸಗಣಿಯ ಬೂದಿ ಎಂದು ಗುರುತಿಸಿದ. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1950ರ ದಶಕದಲ್ಲಿ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದು, ದನದ ದೊಡ್ಡಿಯಲ್ಲಿ ಮತ್ತೆ ಮತ್ತೆ ಬೆಂಕಿ ಹಾಕಿದ ಕುರುಹು ಕಂಡು, ಅದರ ಅರ್ಥ ಬಿಡಿಸಲು ಇಂದಿನ ಹಬ್ಬಗಳ ಕಡೆ ತಿರುಗಿದ. ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವುದನ್ನು ಬಲ್ಲ ಕನ್ನಡಿಗನಿಗೆ ಈ ಹೋಲಿಕೆ ತೀರ ಸಲೀಸಾಗಿ ಹೊಳೆಯುತ್ತದೆ. ಸಲೀಸಾಗಿ ಹೊಳೆಯುತ್ತದೆ ಎಂಬುದೇ ಎಚ್ಚರಿಕೆಯಿಂದಿರಲು ಕಾರಣ. ನಿಕೋಲ್ ಬಾಯ್ವಿನ್ 2004ರಲ್ಲಿ ಆಂಟಿಕ್ವಿಟಿ ಪತ್ರಿಕೆಯಲ್ಲಿ ಕಪ್ಪಗಲ್ಲಿನ ಬಂಡೆಗಳ ಇನ್ನೊಂದು ಗುಣವನ್ನು ವಿವರಿಸಿದರು: ಕೆಲವು ಬಂಡೆಗಳ ಮೇಲೆ ಉಜ್ಜಿ ಬಡಿದ ತಗ್ಗುಗಳಿದ್ದು, ಅಲ್ಲಿ ಕಲ್ಲಿನಿಂದ ಬಡಿದರೆ ಜಾಗಟೆಯಂಥ ನಾದ ಹೊರಡುತ್ತದೆ. ಚಿತ್ರವನ್ನು ಕಣ್ಣಿನ ವಸ್ತುವೆಂದೇ ತಿಳಿದ ವಿದ್ವತ್ತು ಅದರ ನಕಲು ತೆಗೆದು ಪಟ್ಟಿ ಮಾಡುತ್ತದೆ. ಕೆತ್ತಿದವರಿಗೆ ಮಾತ್ರ ಬಡಿಯುವುದು, ಕೇಳುವುದು, ಏದುಸಿರು ಬಿಡುತ್ತ ಗುಡ್ಡ ಹತ್ತುವುದು, ಕೆತ್ತುವುದು ಎಲ್ಲವೂ ಒಂದೇ ಕ್ರಿಯೆಯಾಗಿದ್ದಿರಬಹುದು. ಕಲ್ಲುಗಣಿಗಾರಿಕೆ ಈ ಗುಡ್ಡಗಳ ಒಂದಷ್ಟು ಭಾಗವನ್ನು ಈಗಾಗಲೇ ನುಂಗಿದೆ.

ಅಳತೆಗೋಲಿನ ಕನ್ನಡ ರೂಪ

ಭಾರತದಲ್ಲಿ ಮನೋವಿಜ್ಞಾನದ ಮೊದಲ ವಿಭಾಗ 1916ರಲ್ಲಿ ಕಲ್ಕತ್ತದಲ್ಲಿ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ, ಬುದ್ಧಿಯ ಅಳತೆಗೆ ಹೆಸರಾದ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತವರು. ಬುದ್ಧಿಯ ಅಳತೆ ಎಂಬ ಯುರೋಪಿನ ಕಲ್ಪನೆಯನ್ನು ಇಲ್ಲಿನ ಮಕ್ಕಳಿಗೆ ಹೊಂದಿಸುವುದು ಆ ತಲೆಮಾರಿನ ಮುಖ್ಯ ಕೆಲಸವಾಗಿತ್ತು.

ಅದನ್ನು ಹೆಚ್ಚು ಕ್ರಮಬದ್ಧವಾಗಿ ಮಾಡಿದವರು ಧಾರವಾಡದ ವಿ. ವಿ. ಕಾಮತ್. ಫ್ರಾನ್ಸಿನ ಬಿನೆ ರಚಿಸಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪರಿಷ್ಕಾರಗೊಂಡ ಪರೀಕ್ಷೆಯನ್ನು ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ 1934ರಲ್ಲಿ ಮರುರೂಪಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಆಸ್ಪತ್ರೆಗಳಲ್ಲಿ, ಅಂಗವಿಕಲತೆಯ ಪ್ರಮಾಣಪತ್ರ ಕೊಡುವ ಕಡೆಗಳಲ್ಲಿ ಬಳಕೆಯಲ್ಲಿದೆ. 1930ರ ದಶಕದ ಧಾರವಾಡ ಸೀಮೆಯ ಶಾಲಾಮಕ್ಕಳನ್ನು ಆಧರಿಸಿದ ಮಟ್ಟವನ್ನು ಮೊಬೈಲ್ ಕಾಲದ ಮಗುವಿಗೆ ಹಚ್ಚುವುದರ ಬಗ್ಗೆ ತಜ್ಞರ ಆಕ್ಷೇಪ ಹಳೆಯದು, ನ್ಯಾಯವಾದದ್ದು ಕೂಡ. ಒಂದು ಕಾಲದಲ್ಲಿ ಸಂಸ್ಕೃತಿಗೆ ಹೊಂದಿಸಿದ ಸಾಧನವೂ ಮುಂದೆ ಹಳತಾಗುತ್ತದೆ. ಕಾಮತರ ಶ್ರಮವನ್ನು ಕೊಂಡಾಡುವವರು ಅದನ್ನು ಮತ್ತೆ ಮಾಡುವ ಹೊಣೆಯನ್ನು ಹೊತ್ತದ್ದು ಕಡಿಮೆ.

ಬಳ್ಳಾರಿ ಸೀಮೆಯಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಈ ಭಾಗದಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದುವೂ ಕಿವಿಗೆ ಬೀಳುವ ಮಗು ಅಪರೂಪವಲ್ಲ. ಅಂಥ ಮಗುವಿನ ಪದಸಂಪತ್ತನ್ನು ಒಂದೇ ಭಾಷೆಯ ಪ್ರಶ್ನೆಪಟ್ಟಿಯಿಂದ ಅಳೆದರೆ ಅಂಕ ಕಡಿಮೆ ಬರುತ್ತದೆ. ಕೊರತೆ ಇರುವುದು ಮಗುವಿನಲ್ಲೋ ಪಟ್ಟಿಯಲ್ಲೋ ಎಂದು ಅಂಕ ಹೇಳುವುದಿಲ್ಲ.

ಓದುವ ಮನಸ್ಸು

ಓದು ಕಲಿಯಲು ಮಗು ಮೊದಲು ಮಾತನ್ನು ಬಿಡಿ ಧ್ವನಿಗಳಾಗಿ ಒಡೆಯಲು ಕಲಿಯಬೇಕು ಎಂಬುದು ಇಂಗ್ಲಿಷ್ ಓದುಗರ ಮೇಲಿನ ಸಂಶೋಧನೆಯಿಂದ ಬಂದ, ಬಹುಕಾಲ ಸಾರ್ವತ್ರಿಕವೆಂದು ನಂಬಿದ ಸಿದ್ಧಾಂತ. ಮೈಸೂರು, ಬೆಂಗಳೂರುಗಳಲ್ಲಿ ಪ್ರತಿಭಾ ಕಾರಂತ್, ಪ್ರಕಾಶ್ ಪಡಕಣ್ಣಾಯ ಮೊದಲಾದವರು 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಇದನ್ನು ಅಲುಗಾಡಿಸಿದವು. ಕನ್ನಡವನ್ನು ಸರಾಗವಾಗಿ ಓದುವ ಮಕ್ಕಳು, ಕನ್ನಡ ಮಾತ್ರ ಬಲ್ಲ ವಯಸ್ಕರು ಕೂಡ, ಪದದಿಂದ ಒಂದು ಧ್ವನಿಯನ್ನು ತೆಗೆದುಹಾಕಿ ಉಳಿದದ್ದನ್ನು ಹೇಳಿ ಎಂದಾಗ ತಡವರಿಸಿದರು. ಅಕ್ಷರವನ್ನು ತೆಗೆದು ಹೇಳಿ ಎಂದಾಗ ಸಲೀಸಾಗಿ ಹೇಳಿದರು. ಕಾರಣ ಲಿಪಿಯಲ್ಲಿಯೇ ಇದೆ: ನಮ್ಮ ಬರಹದ ಘಟಕ ಅಕ್ಷರ, ಅದರೊಳಗೆ ವ್ಯಂಜನ ಸ್ವರಗಳು ಬೆಸೆದುಕೊಂಡಿರುತ್ತವೆ.

ಸೊನಾಲಿ ನಾಗ್ ಅವರ 2007ರ ಅಧ್ಯಯನ ಇನ್ನೊಂದು ಮಗ್ಗುಲನ್ನು ತೋರಿಸಿತು. ಇಂಗ್ಲಿಷಿನ 26 ಅಕ್ಷರಗಳನ್ನು ಮಗು ಬೇಗ ಮುಗಿಸುತ್ತದೆ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳಾಗುವ ಕನ್ನಡದಲ್ಲಿ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಇಂಗ್ಲಿಷಿನ ವೇಗದಿಂದ ಅಳೆದರೆ ಕನ್ನಡ ಶಾಲೆಯ ಅರ್ಧ ತರಗತಿಗೆ ಕಲಿಕೆಯ ತೊಂದರೆ ಇದೆಯೆಂದು ಬರೆದುಬಿಡಬಹುದು. ಕನ್ನಡದ ಕೆಲಸದಿಂದ ಜಾಗತಿಕ ಸಿದ್ಧಾಂತವೇ ತಿದ್ದುಪಡಿಗೊಂಡ ಉದಾಹರಣೆ ಇದು. ಈ ಲೇಖಕನ ಎಣಿಕೆಯಲ್ಲಿ, ಇಡೀ ಕ್ಷೇತ್ರಕ್ಕೆ ಕರ್ನಾಟಕ ಕೊಟ್ಟ ಅತ್ಯಂತ ಖಚಿತ ಕೊಡುಗೆಯೂ ಇದೇ.

ಮೈಸೂರು ಮತ್ತು ಶಿಕಾಗೊ

ಒಬ್ಬ ತಪ್ಪು ಮಾಡಿದಾಗ ಕಾರಣವನ್ನು ಅವನ ಸ್ವಭಾವದಲ್ಲಿ ಹುಡುಕುವುದು, ಸಂದರ್ಭವನ್ನು ಕಡೆಗಣಿಸುವುದು ಮನುಷ್ಯರೆಲ್ಲರ ಮೂಲಭೂತ ದೋಷ ಎಂದು ಲೀ ರಾಸ್ 1977ರಲ್ಲಿ ಹೆಸರಿಸಿದ್ದ. ಜೋನ್ ಮಿಲ್ಲರ್ ಇದನ್ನು ಪರೀಕ್ಷಿಸಲು ಶಿಕಾಗೊದ ಅಮೆರಿಕನ್ನರನ್ನೂ ಮೈಸೂರಿನ ಹಿಂದೂಗಳನ್ನೂ ಆರಿಸಿಕೊಂಡರು. ಪರಿಚಿತರು ಮಾಡಿದ ಒಳ್ಳೆಯ ಮತ್ತು ಕೆಟ್ಟ ಕೆಲಸಗಳನ್ನು ನೆನೆದು, ಅವರು ಹಾಗೇಕೆ ಮಾಡಿದರು ಎಂದು ವಿವರಿಸಲು ಕೇಳಲಾಯಿತು. 1984ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಂಟು ವರ್ಷದ ಮಕ್ಕಳ ನಡುವೆ ಹೆಚ್ಚು ಅಂತರವಿರಲಿಲ್ಲ. ವಯಸ್ಸಾದಂತೆ ಅಮೆರಿಕನ್ನರು ಸ್ವಭಾವದ ಕಡೆಗೂ ಮೈಸೂರಿನವರು ಸಂದರ್ಭ, ಸಂಬಂಧ, ಕರ್ತವ್ಯಗಳ ಕಡೆಗೂ ವಾಲಿದರು. ಬೈಕ್ ಅಪಘಾತದಲ್ಲಿ ಗಾಯಗೊಂಡ ಹಿಂಬದಿ ಸವಾರನನ್ನು ಆಸ್ಪತ್ರೆಯಲ್ಲಿ ಬಿಟ್ಟು ಕೋರ್ಟಿಗೆ ಓಡಿದ ವಕೀಲನ ಪ್ರಸಂಗ ಇದರಲ್ಲಿ ಹೆಸರಾದದ್ದು. ಅಮೆರಿಕನ್ನರು ಅವನನ್ನು ಹೊಣೆಗೇಡಿ ಎಂದರೆ, ಮೈಸೂರಿನವರು ಅವನ ವೃತ್ತಿಯ ಹೊಣೆ, ಆ ಗಳಿಗೆಯ ಗೊಂದಲಗಳನ್ನು ಮುಂದಿಟ್ಟರು.

ಮಿಲ್ಲರ್, ಬೆರ್ಸಾಫ್, ಹಾರ್ವುಡ್ 1990ರಲ್ಲಿ ನೆರವಿನ ಬಗ್ಗೆ ಕೇಳಿದರು. ಸಣ್ಣಪುಟ್ಟ ಅಗತ್ಯದಲ್ಲಿರುವವರಿಗೆ ನೆರವಾಗುವುದು ಅಮೆರಿಕನ್ನರಿಗೆ ಅವರವರ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು, ಮೈಸೂರಿನವರಿಗೆ ಅದು ಧರ್ಮವೇ ಆಗಿತ್ತು. ಇದೇ ಹೊತ್ತಿಗೆ, ಮೈಸೂರಿನಲ್ಲಿ ಹುಟ್ಟಿ ಶಿಕಾಗೊದಲ್ಲಿ ಕಲಿಸುತ್ತಿದ್ದ ಎ. ಕೆ. ರಾಮಾನುಜನ್, ಭಾರತೀಯ ಚಿಂತನಾಕ್ರಮವೊಂದು ಇದೆಯೇ ಎಂದು ಕೇಳುವ ಪ್ರಬಂಧ ಬರೆದರು. ಗಣಿತಜ್ಞರೂ ಜ್ಯೋತಿಷಿಯೂ ಆಗಿದ್ದ ತಮ್ಮ ತಂದೆಯ ಮನಸ್ಸಿನಲ್ಲಿ ಎರಡೂ ಜಗಳವಿಲ್ಲದೆ ಇದ್ದುದನ್ನು ಕಂಡವರು ಅವರು. ಸಂದರ್ಭವನ್ನು ಅವಲಂಬಿಸಿ ನಿಯಮ ಬದಲಾಗುವುದು ಇಲ್ಲಿನ ಒಲವು ಎಂಬುದು ಅವರ ಉತ್ತರ.

ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಪಠ್ಯಪುಸ್ತಕಗಳಲ್ಲಿ ಮೈಸೂರಿನ ಕೆಲವು ಹಿಂದೂ ಕುಟುಂಬಗಳವರು ಬಹುಬೇಗ ‘ಭಾರತೀಯರು’ ಆದರು, ಆಮೇಲೆ ‘ಪೂರ್ವದವರು’ ಆದರು. ಸಂಡೂರಿನ ಗಣಿಯಲ್ಲಿ ದುಡಿಯುವವನು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವಳು, ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಾಕುವವರು ಆ ಲೆಕ್ಕದಲ್ಲಿಲ್ಲ. ಥಾಮಸ್ ಟಾಲ್‌ಹೆಲ್ಮ್ ತಂಡ 2014ರಲ್ಲಿ ಚೀನಾದೊಳಗೇ ಭತ್ತ ಬೆಳೆಯುವ ಮತ್ತು ಗೋಧಿ ಬೆಳೆಯುವ ಪ್ರಾಂತ್ಯಗಳ ನಡುವೆ ಯೋಚನೆಯ ಧಾಟಿಯ ವ್ಯತ್ಯಾಸ ಕಂಡಿತು. ನೀರು, ಆಳುಗಳನ್ನು ಹಂಚಿಕೊಳ್ಳಲೇಬೇಕಾದ ಭತ್ತದ ಬೇಸಾಯ ಜನರನ್ನು ಪರಸ್ಪರ ಬಿಗಿಯುತ್ತದೆ ಎಂಬುದು ಅವರ ವಾದ. ಒಂದೇ ಜಿಲ್ಲೆಯಲ್ಲಿ ತುಂಗಭದ್ರೆಯ ಕಾಲುವೆಯ ಭತ್ತವೂ ಮಳೆಯನ್ನೇ ನಂಬಿದ ಎರೆನೆಲದ ಜೋಳವೂ ಇರುವ ಬಳ್ಳಾರಿ ಇಂಥ ವಾದವನ್ನು ಒರೆಗೆ ಹಚ್ಚಲು ತಕ್ಕ ನೆಲ. ಇಲ್ಲಿನ ಭತ್ತದ ಹೊಲಗಳಲ್ಲಿ ಬಹುಪಾಲಿಗೆ ಕಾಲುವೆ ನೀರು ಬಂದದ್ದು 1950ರ ದಶಕದ ನಂತರ. ಹೊಸ ಬೆಳೆ ಮನಸ್ಸನ್ನು ಬದಲಿಸಲು ಎಷ್ಟು ತಲೆಮಾರು ಬೇಕೆಂಬ ಪ್ರಶ್ನೆಯೂ ಇಲ್ಲಿ ಅರ್ಥಪೂರ್ಣವಾಗುತ್ತದೆ.

ನೋವಿನ ಭಾಷೆ

ಮನೋರೋಗಗಳ ಅಧ್ಯಯನದಲ್ಲಿ ಕರ್ನಾಟಕದ ದೊಡ್ಡ ಕೃತಿ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ (1976). ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಕುಟುಂಬಗಳ ನಡುವೆ ನಡೆದ ಈ ಸಮೀಕ್ಷೆಗೆ ವಿದೇಶಿ ಪ್ರಶ್ನಾವಳಿ ಸಾಲದೆಂದು ಕಂಡು, ಹಳ್ಳಿಯ ಪರಿಸರಕ್ಕೆ ತಕ್ಕ ಹೊಸ ಪ್ರಶ್ನಾವಳಿಯನ್ನೇ ಸಿದ್ಧಪಡಿಸಲಾಯಿತು. ಮೈಮೇಲೆ ಬರುವುದನ್ನು ಅದರಲ್ಲಿ ಬೇರೆಯಾಗಿ ಕೇಳಿ ದಾಖಲಿಸಿದರು. ಅಳಿಯಕಟ್ಟು (ಸೋದರಳಿಯಂದಿರಿಗೆ ಆಸ್ತಿ ಹೋಗುವ ಪದ್ಧತಿ) ಸಡಿಲಗೊಳ್ಳುತ್ತಿದ್ದ ಕುಟುಂಬಗಳಲ್ಲಿ ಬದಲಾವಣೆಯ ಒತ್ತಡ ಯಾರ ಮೇಲೆ ಬೀಳುತ್ತದೆ ಎಂಬುದು ಅವರ ಮುಖ್ಯ ಪ್ರಶ್ನೆಗಳಲ್ಲಿ ಒಂದು. ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ, ಡಾಕ್ಟರು, ಈ ಎಲ್ಲರ ಬಳಿಗೂ ಜನ ಸಂಕೋಚವಿಲ್ಲದೆ ಹೋಗುತ್ತಿದ್ದರು. ಓದಿದವರು ಒಂದೆಡೆ, ಓದದವರು ಇನ್ನೊಂದೆಡೆ ಎಂಬ ಗೆರೆ ಅಲ್ಲಿ ಕಾಣಲಿಲ್ಲ. ಕಪೂರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿ, ಹಿಮಾಲಯದ ಸಾಧುಗಳ ಮನಸ್ಸನ್ನು ಅರಿಯಲೂ ಹೊರಟರು.

ಆರ್. ರಘುರಾಂ, ಮಿಚೆಲ್ ವೈಸ್, ಎಸ್. ಎಂ. ಚನ್ನಬಸವಣ್ಣ ಮತ್ತು ಸಂಗಡಿಗರು ಬೆಂಗಳೂರಿನ 80 ಮಂದಿ ಖಿನ್ನತೆಯ ರೋಗಿಗಳನ್ನು ಮಾತಾಡಿಸಿ 1996ರಲ್ಲಿ ಬರೆದ ಲೇಖನ ಇನ್ನೊಂದು ತಪ್ಪು ತಿಳಿವಳಿಕೆಯನ್ನು ತಿದ್ದಿತು. ಪೂರ್ವದ ಜನಕ್ಕೆ ದುಃಖವನ್ನು ಮನಸ್ಸಿನದೆಂದು ಗುರುತಿಸಲು ಬಾರದು, ಅದಕ್ಕೇ ತಲೆನೋವು, ಎದೆಯುರಿ, ಕೈಕಾಲು ಸೆಳೆತ ಎನ್ನುತ್ತಾರೆ ಎಂಬ ವಾದ ಆಗ ಚಾಲ್ತಿಯಲ್ಲಿತ್ತು. ಈ ರೋಗಿಗಳಿಗೆ ತಮ್ಮ ದುಃಖ ಚೆನ್ನಾಗಿಯೇ ಗೊತ್ತಿತ್ತು. ಖಿನ್ನತೆಯ ಲಕ್ಷಣಗಳು ಹೆಚ್ಚಿದಂತೆ ಕಳಂಕದ ಭಯ ಹೆಚ್ಚಿತ್ತು, ದೈಹಿಕ ದೂರುಗಳು ಹೆಚ್ಚಿದ್ದವರಲ್ಲಿ ಅದು ಕಡಿಮೆಯಿತ್ತು. ಮೈನೋವು ಹೇಳಿಕೊಂಡರೆ ಮಗಳ ಮದುವೆ ನಿಲ್ಲುವುದಿಲ್ಲ.

ಬಳ್ಳಾರಿ ಸೀಮೆಯ ಜೋಗಪ್ಪ ಪರಂಪರೆ ಈ ಚರ್ಚೆಯನ್ನು ಇನ್ನೊಂದು ದಿಕ್ಕಿಗೆ ಒಯ್ಯುತ್ತದೆ. ಹುಡುಗನ ದೇಹದಲ್ಲಿ ಹೆಣ್ಣಿನ ನಡೆ ಕಂಡಾಗ ಇಲ್ಲಿನ ಸಮಾಜ ಅದನ್ನು ಎಲ್ಲಮ್ಮನೋ ಹುಲಿಗೆಮ್ಮನೋ ಕರೆದದ್ದೆಂದು ಓದಿತು, ಮುತ್ತು ಕಟ್ಟಿಸಿ ದೇವಿಗೆ ಒಪ್ಪಿಸಿತು. ಕುರುಗೋಡು ಬಳಿಯ ಕಲ್ಲುಕಂಬದಲ್ಲಿ ಹುಟ್ಟಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಆ ದಾರಿಯಲ್ಲಿ ನಡೆದು ಬಂದವರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇಂಥವರ ಸ್ಥಿತಿ ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲೇ ಇತ್ತು. 2019ರಲ್ಲಿ ಅಂಗೀಕೃತವಾದ ಹನ್ನೊಂದನೆಯ ಆವೃತ್ತಿಯಲ್ಲಷ್ಟೇ ಅದು ಅಲ್ಲಿಂದ ಹೊರಬಂತು. ಜೋಗತಿಗೆ ದೇವಿಯ ಹೆಸರಿನಲ್ಲಿ ಒಂದು ಸ್ಥಾನ ಸಿಕ್ಕಿತು ಎಂಬುದು ನಿಜ. ಆ ಸ್ಥಾನದ ಜೊತೆಗೆ ಮನೆಯಿಂದ ದೂರವಾಗುವುದು, ಪಡ್ಡಲಗಿ ಬುಟ್ಟಿ ಹಿಡಿದು ಬೇಡುವುದು, ಅವಮಾನ ಕೂಡ ಬಂದವು ಎಂಬುದೂ ಅಷ್ಟೇ ನಿಜ. ಪರಂಪರೆಯ ವಿವರಣೆ ವೈದ್ಯದ ವಿವರಣೆಗಿಂತ ಮೃದುವಾಗಿರುತ್ತದೆ ಎಂದು ಮೊದಲೇ ತೀರ್ಮಾನಿಸುವಂತಿಲ್ಲ.

ಬಳ್ಳಾರಿ ಮಾದರಿ

ಭಾರತದ ಮನೋವೈದ್ಯಕೀಯದಲ್ಲಿ ‘ಬಳ್ಳಾರಿ’ ಎಂದರೆ ಊರಿನ ಹೆಸರಷ್ಟೇ ಅಲ್ಲ, ಒಂದು ಮಾದರಿಯ ಹೆಸರೂ ಹೌದು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ (ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಆಯಿತು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಅದರ ಗ್ರಾಮೀಣ ಪ್ರಯೋಗ ನಡೆಯಿತು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತೀವ್ರ ಮನೋರೋಗವನ್ನು ಗುರುತಿಸಲು ಕಲಿಸಬಹುದು ಎಂದು ಅಲ್ಲಿ ಗೊತ್ತಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂತು. ಅದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಮಾಡಿ ನೋಡಲು ಆರಿಸಿದ್ದು ಬಳ್ಳಾರಿಯನ್ನು: ರಾಜಧಾನಿಯಿಂದ 300 ಕಿಲೋಮೀಟರಿಗೂ ದೂರ, 1981ರ ಜನಗಣತಿಯಂತೆ ಸುಮಾರು 15 ಲಕ್ಷ ಜನ, ಬಹುಪಾಲು ಹಳ್ಳಿಗರು.

1985ರಿಂದ 1990ರವರೆಗೆ ನಡೆದ ಈ ಯೋಜನೆಯ ತಿರುಳು ಸರಳ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಪಾವಧಿ ತರಬೇತಿ, ಮನೆಮನೆ ಸುತ್ತುವ ಆರೋಗ್ಯ ಸಹಾಯಕರಿಗೆ ಲಕ್ಷಣಗಳ ಪರಿಚಯ, ಕೆಲವೇ ಮುಖ್ಯ ಔಷಧಿಗಳ ನಿರಂತರ ಪೂರೈಕೆ, ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ನೆರವು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್ ಮೊದಲಾದವರ ಹೆಸರುಗಳು ನಿಮ್ಹಾನ್ಸ್‌ನ ಈ ಸಮುದಾಯ ಕಾರ್ಯದೊಂದಿಗೆ ಸೇರಿಕೊಂಡಿವೆ. ಇವರಲ್ಲಿ ಚಂದ್ರಶೇಖರ್ ಕನ್ನಡದಲ್ಲಿ ಬರೆದ ನೂರಾರು ಪುಸ್ತಿಕೆಗಳು, ಮನೋರೋಗದ ಬಗ್ಗೆ ಓದುಗರಿಗಿದ್ದ ಅಳುಕನ್ನು ಎಷ್ಟೋ ಆಸ್ಪತ್ರೆಗಳಿಗಿಂತ ಹೆಚ್ಚು ಕಳೆದಿವೆ ಎಂದರೆ ಅತಿಶಯವಾಗದು. (ಕನ್ನಡದಲ್ಲಿ ಈ ಬರಹಕ್ಕೆ ಹಿಂದಿನ ಹೆಜ್ಜೆಯೂ ಇದೆ: ‘ರಾಶಿ’ ಎಂದು ಹಾಸ್ಯಕ್ಕೆ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.)

ಈ ಯೋಜನೆ ಮೂರ್ಛೆರೋಗವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಪಠ್ಯಪುಸ್ತಕದ ಪ್ರಕಾರ ಅದು ನರರೋಗ. ಹಳ್ಳಿಯ ಮನೆಯಲ್ಲಿ ಮಾತ್ರ ಮೂರ್ಛೆ ಬಂದವನಿಗೂ ಬುದ್ಧಿಭ್ರಮಣೆಯಾದವನಿಗೂ ಹುಡುಕುವ ದಾರಿ ಒಂದೇ, ಅಂಜಿಕೆಯೂ ಒಂದೇ. ಶಾಸ್ತ್ರದ ವರ್ಗೀಕರಣ ಜನರ ಓಡಾಟಕ್ಕೆ ತಲೆಬಾಗಿದ್ದು ಇಲ್ಲಿ ಒಳ್ಳೆಯದನ್ನೇ ಮಾಡಿತು. 1996ರಲ್ಲಿ ಕೇಂದ್ರ ಸರ್ಕಾರ ಬಳ್ಳಾರಿಯ ಅನುಭವವನ್ನೇ ಅಚ್ಚಾಗಿಟ್ಟುಕೊಂಡು ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಮುಂದೆ ಅದು ದೇಶದ ಬಹುತೇಕ ಜಿಲ್ಲೆಗಳಿಗೆ ಹರಡಿತು.

ಟೀಕೆಯೂ ಬಂತು. ಸುಮೀತ್ ಜೈನ್, ಸುಶ್ರುತ್ ಜಾಧವ್ ಉತ್ತರ ಭಾರತದಲ್ಲಿ ಈ ಕಾರ್ಯಕ್ರಮ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿ 2009ರಲ್ಲಿ ಬರೆದರು: ಸಮುದಾಯದ ಹೆಸರಿನಲ್ಲಿ ಹೊರಟ ನೀತಿ ಕೊನೆಗೆ ಮಾತ್ರೆ ಹಂಚುವ ಕೆಲಸವಾಗಿ ಉಳಿದಿದೆ, ಜನ ತಮ್ಮ ಸಂಕಟವನ್ನು ಹೇಗೆ ಕಾಣುತ್ತಾರೆ ಎಂದು ಕೇಳುವವರಿಲ್ಲ. ಈ ಮಾತಿನಲ್ಲಿ ಸತ್ಯವಿದೆ. ಜನ ಮೊರೆಹೋಗುವ ಗುಡಿ, ದರ್ಗಾಗಳ ವಿಷಯದಲ್ಲಿ ಮಾತ್ರ ಎರಡೂ ಕಡೆಗೆ ಪುರಾವೆಯಿದೆ. ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇವಾಲಯದಲ್ಲಿ ತಂಗಿದ್ದ 31 ರೋಗಿಗಳನ್ನು ಗಮನಿಸಿ, ಅವರ ಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದನ್ನು 2002ರಲ್ಲಿ ವರದಿ ಮಾಡಿದರು. ಅದರ ಹಿಂದಿನ ವರ್ಷವೇ, 2001ರ ಆಗಸ್ಟಿನಲ್ಲಿ, ಅದೇ ರಾಜ್ಯದ ಏರ್ವಾಡಿಯ ದರ್ಗಾ ಬಳಿಯ ಖಾಸಗಿ ತಂಗುದಾಣದಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳಲ್ಲಿ 28 ಮಂದಿ ಬೆಂಕಿಯಲ್ಲಿ ಬೆಂದು ಸತ್ತಿದ್ದರು. ಸಂಸ್ಕೃತಿಯನ್ನು ಗೌರವಿಸುವುದು ಎಂದರೆ ಸರಪಳಿಯನ್ನೂ ಗೌರವಿಸುವುದಾಗಬಾರದು. ಮನೆಯವರು ಜೊತೆಗಿದ್ದು, ಹೊಡೆತಬಡಿತವಿಲ್ಲದ ಗುಡಿಯ ವಾಸವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದೂ ಸರಿಯಾಗದು. ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ, 2017, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ.

ಬಳ್ಳಾರಿ ಜಿಲ್ಲೆಯೇ 2021ರಲ್ಲಿ ಒಡೆದು ವಿಜಯನಗರ ಜಿಲ್ಲೆ ಬೇರೆಯಾಯಿತು. ಹಳೆಯ ಯೋಜನೆಯ ಜಾಗದಲ್ಲಿ ಈಗ ಜಿಲ್ಲಾ ಕಾರ್ಯಕ್ರಮವೂ, 2014ರಿಂದ ರಾಜ್ಯದ ‘ಮನೋಚೈತನ್ಯ’ ಶಿಬಿರಗಳೂ, 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ದೂರವಾಣಿ ಸೇವೆಯೂ ಇವೆ. ನಿಮ್ಹಾನ್ಸ್ ಮೇಲುಸ್ತುವಾರಿಯ ಈ ಸೇವೆಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು.